ತೊಂಬತ್ತರ ದಶಕದ ಜಪಾನಿ ಪ್ರೇಮ ಧಾರಾವಾಹಿಗಳು: ಯಾವುದನ್ನು ಮೊದಲು ನೋಡಬೇಕು, ಹೇಗೆ ನೋಡಬೇಕು

ಹಳೆಯ ಜಪಾನಿ ಪ್ರೇಮ ಧಾರಾವಾಹಿಗಳನ್ನು ಹೊಸದಾಗಿ ನೋಡಲು ಹೊರಟವರು ಹೆಚ್ಚಾಗಿ ನಾಯಕನ ಮುಖ ನೋಡಿ ಆರಿಸುತ್ತಾರೆ, ಇಲ್ಲವೇ ಎಷ್ಟು ಜನ ನೋಡಿದರು ಎಂಬ ಅಂಕಿ ನೋಡಿ. ಎರಡೂ ಕೈಕೊಡುತ್ತವೆ. ಅದೇ ನಟ ಕಿಮುರಾ ತಕುಯಾ 1996ರಲ್ಲಿ ಮಾತು ಹೊರಡದ ಪಿಯಾನೋ ವಾದಕ, 1997ರಲ್ಲಿ ಜಾಹೀರಾತು ಕಂಪನಿಯ ಉಡಾಫೆ ಹುಡುಗ, 2002ರಲ್ಲಿ ಎದುರಿಗಿದ್ದವರ ಮನಸ್ಸಿನೊಂದಿಗೆ ತಣ್ಣಗೆ ಆಟವಾಡುವ ಮನುಷ್ಯ. ಅಂಕಿಯ ವಿಷಯಕ್ಕೆ ಬಂದರೆ, ‘101ನೇ ಪ್ರಪೋಸಲ್’ ಮತ್ತು ‘ಲಾಂಗ್ ವೆಕೇಶನ್’ ಎರಡರ ಕೊನೆಯ ಕಂತನ್ನೂ ಟೋಕಿಯೋ ಸುತ್ತಲಿನ ಕಾಂತೊ ಪ್ರದೇಶದಲ್ಲಿ ನೋಡಿದ ಮನೆಗಳು ಸರಿಯಾಗಿ ಶೇ. 36.7. ಒಂದನ್ನು ಮೆಚ್ಚಿದವರು ಇನ್ನೊಂದನ್ನು ಎರಡೇ ಕಂತಿಗೆ ಬಿಟ್ಟುಬಿಡಬಹುದು. ಅಷ್ಟು ಬೇರೆ ಬೇರೆ ಕಥೆಗಳು ಅವು.

ನೋಡಬೇಕಾದದ್ದು ಬರೆದವರ ಹೆಸರನ್ನು. ‘ಮಾಯಾಮೃಗ’ವನ್ನು ನಾವು ಟಿ.ಎನ್. ಸೀತಾರಾಮ್ ಅವರ ಧಾರಾವಾಹಿ ಎಂದು ಗುರುತಿಸುವ ಹಾಗೆ, ಜಪಾನಿನಲ್ಲಿ ಧಾರಾವಾಹಿಯನ್ನು ಅದರ ಚಿತ್ರಕಥೆಗಾರರ ಹೆಸರಿನಿಂದ ಗುರುತಿಸುವ ರೂಢಿಯಿದೆ. ಮೊದಲ ಕಂತಿನಿಂದ ಕೊನೆಯವರೆಗೆ ಸಾಮಾನ್ಯವಾಗಿ ಒಬ್ಬರೇ ಬರೆಯುತ್ತಾರೆ. ನಿರ್ದೇಶಕರು ಇಬ್ಬರು ಮೂವರು ಇರುತ್ತಾರೆ, ಸರದಿಯಲ್ಲಿ ಕಂತು ಹಂಚಿಕೊಳ್ಳುತ್ತಾರೆ. ಹಾಗಾಗಿ ಕಥೆಯ ದನಿ ಬರೆಯುವವರದ್ದೇ. ತೊಂಬತ್ತರ ದಶಕದ ಪ್ರೇಮಕಥೆಗಳಲ್ಲಿ ಮೂರು ಹೆಸರು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು: ಸಕಾಮೊತೊ ಯೂಜಿ, ನೊಜಿಮಾ ಶಿಂಜಿ, ಕಿತಾಗಾವಾ ಎರಿಕೊ. ಜಪಾನಿನಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಇಲ್ಲಿಯೂ ಹಾಗೆಯೇ ಬರೆದಿದೆ. ಇಂಗ್ಲಿಷ್ ಸಬ್‌ಟೈಟಲ್‌ಗಳು ಇದನ್ನು ತಿರುಗಿಸಿ ಹಾಕುವುದುಂಟು. ‘ಟೋಕಿಯೋ ಲವ್ ಸ್ಟೋರಿ’ಯ ನಾಯಕಿ ಅಕಾನಾ ರಿಕಾಳನ್ನು ಪಾತ್ರಗಳು ‘ಅಕಾನಾ’ ಎಂದು ಕರೆಯುತ್ತಿರುವಾಗ ಪರದೆ ಮೇಲೆ ‘ರಿಕಾ’ ಎಂದು ಬಂದರೆ ಗಾಬರಿಯಾಗಬೇಡಿ.

ಒಂದು ಕಥೆಗೆ ಎಷ್ಟು ಹೊತ್ತು

ನಮ್ಮ ಧಾರಾವಾಹಿಗಳಂತೆ ವರ್ಷಗಟ್ಟಲೆ ಎಳೆಯುವುದಿಲ್ಲ. ಜಪಾನಿನ ಟಿವಿ ವರ್ಷವನ್ನು ಮೂರು ಮೂರು ತಿಂಗಳ ನಾಲ್ಕು ಭಾಗ ಮಾಡಿಕೊಂಡಿದೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್. ಒಂದೊಂದು ಭಾಗಕ್ಕೆ ಒಂದು ಕಥೆ, ವಾರಕ್ಕೊಂದು ಕಂತು, 10ರಿಂದ 12 ಕಂತಿಗೆ ಮುಕ್ತಾಯ. ರಾತ್ರಿ 9ರಿಂದ 9.54ರವರೆಗಿನ ಜಾಗದಲ್ಲಿ ಜಾಹೀರಾತು ತೆಗೆದರೆ ಕಥೆಗೆ ಉಳಿಯುವುದು ಸುಮಾರು 46 ನಿಮಿಷ. 11 ಕಂತು ಅಂದರೆ ಎಂಟೂವರೆ ಗಂಟೆ. ಮೊದಲ ಮತ್ತು ಕೊನೆಯ ಕಂತು ಕಾಲು ಗಂಟೆಯಷ್ಟು ಉದ್ದ ಇರುವುದು ವಾಡಿಕೆ, ಅದನ್ನೂ ಸೇರಿಸಿದರೆ ಒಂಬತ್ತು. ಸೋಮವಾರ ರಾತ್ರಿ ಒಂಬತ್ತರ ಫೂಜಿ ಟಿವಿ ಜಾಗಕ್ಕೆ ‘ಗೆತ್ಸುಕು’ ಎಂದು ಹೆಸರೇ ಇದೆ: ‘ಗೆತ್ಸು’ ಅಂದರೆ ಸೋಮವಾರ, ‘ಕು’ ಅಂದರೆ ಒಂಬತ್ತು. ಆ ಕಾಲದ ಪ್ರಸಿದ್ಧ ಪ್ರೇಮಕಥೆಗಳಲ್ಲಿ ಬಹಳಷ್ಟು ಅಲ್ಲಿಂದ ಬಂದವು. ಅದಕ್ಕೆ ಎದುರಾಳಿ ಟಿಬಿಎಸ್, ಮುಖ್ಯವಾಗಿ ಅದರ ಶುಕ್ರವಾರ ಮತ್ತು ಭಾನುವಾರದ ರಾತ್ರಿಗಳು.

ಒಂದೇ ದಿನ ಕುಳಿತು ಮುಗಿಸಬೇಡಿ. ಇವು ವಾರವಿಡೀ ಕಾಯಲಿ ಎಂದು ಹೆಣೆದ ಕಥೆಗಳು. ಕಂತಿನ ಕೊನೆಯ ಕೆಲವೇ ನಿಮಿಷಗಳಲ್ಲಿ ಶೀರ್ಷಿಕೆ ಗೀತೆ ಶುರುವಾಗುತ್ತದೆ, ಅದರ ಮೇಲೆ ಒಂದು ಮಾತೋ ಒಂದು ನೋಟವೋ ಬಂದು ನಿಲ್ಲುತ್ತದೆ. ಸಾಲಾಗಿ ಐದು ಕಂತು ಹಾಕಿದರೆ ಅದೇ ಹಾಡು, ಅದೇ ಏರಿಳಿತ ಐದು ಸಲ ಬಂದು ರುಚಿ ಕೆಡುತ್ತದೆ. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು. ‘ಇಂಟ್ರೊ ಬಿಡಿ’ ಬಟನ್ನನ್ನೂ ಒತ್ತಬೇಡಿ. ಹಾಡು ಕಿವಿಯಲ್ಲಿ ಕುಳಿತಿದ್ದರೆ ಮಾತ್ರ ಅದು ಕಥೆಯ ನಡುವೆ ಬಂದಾಗ ಕೆಲಸ ಮಾಡುತ್ತದೆ.

ಟೋಕಿಯೋ ಲವ್ ಸ್ಟೋರಿ, 1991

ಫೂಜಿ ಟಿವಿ, ಜನವರಿಯಿಂದ ಮಾರ್ಚ್, 11 ಕಂತು. ಸೈಮೊನ್ ಫುಮಿ ಅವರ ಮಾಂಗಾವನ್ನು, ಅಂದರೆ ಕಾಮಿಕ್ಸ್ ಕಥೆಯನ್ನು, ಆಧರಿಸಿ ಸಕಾಮೊತೊ ಯೂಜಿ ಬರೆದರು. ಆಗ ಅವರಿಗೆ 23 ವರ್ಷ. 2023ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಚಿತ್ರಕಥೆಯ ಪ್ರಶಸ್ತಿ ಪಡೆದವರು ಇವರೇ.

ಎಹಿಮೆ ಪ್ರಾಂತ್ಯದಿಂದ ಟೋಕಿಯೋಗೆ ಕೆಲಸಕ್ಕೆ ಬರುವ ನಾಗಾವೊ ಕಾಂಜಿ, ಅವನ ಸಹೋದ್ಯೋಗಿ ಅಕಾನಾ ರಿಕಾ. ವಿದೇಶದಲ್ಲಿ ಬೆಳೆದ ರಿಕಾ ಮನಸ್ಸಿನಲ್ಲಿದ್ದದ್ದನ್ನು ಮುಚ್ಚಿಡುವವಳಲ್ಲ. ಬಂದ ಹೊಸತರಲ್ಲೇ ಅವನ ಹೆಸರನ್ನು ಮುದ್ದಾಗಿ ಮುರಿದು ‘ಕಾಂಚಿ’ ಮಾಡುತ್ತಾಳೆ. ಕಾಂಜಿಗೋ ಶಾಲಾ ದಿನಗಳಿಂದ ಸೆಕಿಗುಚಿ ಸತೊಮಿಯ ಮೇಲೆ ಮನಸ್ಸು. ಸತೊಮಿಗೆ ಕಾಂಜಿಯ ಗೆಳೆಯ ಮಿಕಾಮಿಯ ಮೇಲೆ. ಹೆಣ್ಣು ತಾನಾಗಿ ಮುಂದೆ ಬಂದು ಪ್ರೀತಿ ಹೇಳುವುದು, ಬೇಕಾದದ್ದನ್ನು ಕೇಳುವುದು ಆಗಿನ ಟಿವಿಗೆ ದೊಡ್ಡ ಮಾತು. ರಿಕಾ ಪಾತ್ರದ ಸುಜುಕಿ ಹೊನಾಮಿ ಅದನ್ನು ನಗುತ್ತಲೇ ಮಾಡುತ್ತಾರೆ, ಆ ನಗು ಒಂದೊಂದು ಕಂತಿಗೂ ಸ್ವಲ್ಪ ಸ್ವಲ್ಪ ಸವೆಯುವುದನ್ನು ನೀವು ನೋಡುತ್ತೀರಿ.

ಇದರ ತೊಡಕು ಕಾಂಜಿ. ಯಾವುದನ್ನೂ ತೀರ್ಮಾನಿಸದ ಒಳ್ಳೆಯವನು. ಐದಾರನೇ ಕಂತಿನ ಹೊತ್ತಿಗೆ ಅವನ ಮೇಲೆ ಸಿಟ್ಟು ಬರುತ್ತದೆ, ಬರಲೆಂದೇ ಬರೆದದ್ದು. ಸತೊಮಿಯ ಮೇಲೆ ಇನ್ನೂ ಹೆಚ್ಚು: ಮೂಲಂಗಿ, ಮೊಟ್ಟೆ, ಮೀನಿನ ಉಂಡೆಗಳನ್ನು ಸಾರಿನಲ್ಲಿ ಬೇಯಿಸಿದ ‘ಓದೆನ್’ ಹಿಡಿದು ಅವಳು ಅವನ ಬಾಗಿಲಿಗೆ ಬರುವ ದೃಶ್ಯವನ್ನು ಜಪಾನಿನ ಒಂದು ತಲೆಮಾರು ಇಂದಿಗೂ ಕ್ಷಮಿಸಿಲ್ಲ. ಎಲ್ಲ ಒಳ್ಳೆಯದಾಗಿ ಮುಗಿಯಲೇಬೇಕು ಎನ್ನುವವರು ಇದನ್ನು ಮೊದಲು ಹಾಕಬೇಡಿ. ಕೊನೆಯ ಕಂತಿನ ರೈಲು ನಿಲ್ದಾಣ ಮತ್ಸುಯಾಮಾದ ಬಳಿಯ ಬೈಶಿನ್‌ಜಿ. ಪ್ಲಾಟ್‌ಫಾರ್ಮಿನ ಅಂಚಿಗೇ ಸಮುದ್ರ. ನೋಡಿ ಮುಗಿಸಿದವರು ಅಲ್ಲಿಗೆ ಹೋಗಿ ಕಟಕಟೆಗೆ ಕರವಸ್ತ್ರ ಕಟ್ಟಿ ಬರುತ್ತಾರೆ. ಯಾಕೆ ಎಂಬುದು ಕಂತು ನೋಡಿದವರಿಗೆ ಗೊತ್ತು.

ಒದಾ ಕಜುಮಾಸಾ ಹಾಡಿದ ಶೀರ್ಷಿಕೆ ಗೀತೆ 25 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಮೊದಲ ಗಿಟಾರ್ ಮೀಟು ಕೇಳುತ್ತಿದ್ದಂತೆ ಏನೋ ಆಗಲಿದೆ ಎಂದು ಎದೆ ಎಚ್ಚರಾಗುತ್ತದೆ.

101ನೇ ಪ್ರಪೋಸಲ್, 1991

ಅದೇ ವರ್ಷ, ಅದೇ ಸೋಮವಾರ, ಜುಲೈಯಿಂದ ಸೆಪ್ಟೆಂಬರ್, 12 ಕಂತು. ಬರೆದವರು ನೊಜಿಮಾ ಶಿಂಜಿ. ಇದು ಶುರುವಾಗುವುದೇ ‘ಒಮಿಯಾಯಿ’ಯಿಂದ, ಅಂದರೆ ನಮ್ಮ ಹೆಣ್ಣು ನೋಡುವ ಶಾಸ್ತ್ರದಂಥದ್ದೇ. ಹೊಶಿನೊ ತತ್ಸುರೊಗೆ 42 ವರ್ಷ. 99 ಸಲ ನೋಡಿ, 99 ಸಲವೂ ಬೇಡವೆನಿಸಿಕೊಂಡವನು. ನೂರನೆಯವಳು ಯಾಬುಕಿ ಕಾವೊರು, ವಾದ್ಯವೃಂದದ ಚೆಲ್ಲೊ ವಾದಕಿ. ಮೂರು ವರ್ಷದ ಹಿಂದೆ ಮದುವೆಯಾಗಬೇಕಿದ್ದವನನ್ನು ಕಳೆದುಕೊಂಡವಳು. ಮತ್ತೊಮ್ಮೆ ಪ್ರೀತಿಸಿ ಮತ್ತೊಮ್ಮೆ ಕಳೆದುಕೊಳ್ಳುವ ಭಯ ಅವಳದ್ದು.

ತತ್ಸುರೊ ಲಾರಿಯೆದುರು ಹೋಗಿ ನಿಲ್ಲುವ ದೃಶ್ಯದಿಂದಲೇ ಜನ ಇದನ್ನು ನೆನಪಿಟ್ಟುಕೊಂಡಿದ್ದಾರೆ. ಆ ದೃಶ್ಯದಲ್ಲಿ ಕನ್ನಡಿಗರ ಕಿವಿಗೆ ಮಾತ್ರ ಸುಲಭವಾಗಿ ಸಿಗುವ ಒಂದು ಸೂಕ್ಷ್ಮವಿದೆ. ಜಪಾನಿ ಭಾಷೆಯಲ್ಲೂ ಕ್ರಿಯಾಪದ ವಾಕ್ಯದ ಕೊನೆಗೇ ಬರುತ್ತದೆ, ಗೌರವವೂ ಅಲ್ಲೇ ಕೂಡುತ್ತದೆ. ಸಾಯುವಷ್ಟು ಹತ್ತಿರ ಹೋಗಿ, ಉಸಿರು ಸಿಗದೆ ಕೂಗುವಾಗಲೂ ತತ್ಸುರೊನ ಕ್ರಿಯಾಪದ ‘ಮಸೆನ್’ ಎಂದೇ ಮುಗಿಯುತ್ತದೆ. ಅದು ಗೌರವದ ರೂಪ. ಅಂದರೆ ಆ ಗಳಿಗೆಯಲ್ಲೂ ಅವನು ಅವಳನ್ನು ‘ನೀವು’ ಎಂದೇ ಮಾತನಾಡಿಸುತ್ತಿದ್ದಾನೆ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಇದು ಉಳಿಯಲು ದಾರಿಯೇ ಇಲ್ಲ, ಅಲ್ಲಿ ಎಲ್ಲವೂ ‘ಯೂ’. ರಿಕಾ ಕಾಂಚಿಯೊಂದಿಗೆ ಸಲಿಗೆಯ ರೂಪ ಬಳಸುವುದನ್ನು ಕೇಳಿಸಿಕೊಂಡು, ಆಮೇಲೆ ಇದನ್ನು ಕೇಳಿ. ಇಬ್ಬರು ಲೇಖಕರ ನಡುವಿನ ವ್ಯತ್ಯಾಸ ಅಷ್ಟರಲ್ಲೇ ತಿಳಿಯುತ್ತದೆ.

ನೊಜಿಮಾ ಭಾವನೆಯನ್ನು ತಡೆದು ಬರೆಯುವವರಲ್ಲ. ಮಳೆ, ಕಣ್ಣೀರು, ಷೋಪಾನ್‌ನ ಪಿಯಾನೋ, ಮೇಲೆ ಚಾಗೆ ಮತ್ತು ಆಸ್ಕಾ ಜೋಡಿಯ ಹಾಡು. ಹಿಡಿಸಿದರೆ ಪೂರ್ತಿ ಹಿಡಿಸುತ್ತದೆ. ಬೇಡ ಎಂದವಳ ಹಿಂದೆ ಬಿಡದೆ ಹೋಗುವುದನ್ನು ಇಂದಿನ ಕಣ್ಣಿನಲ್ಲಿ ನೋಡುವುದು ಕಷ್ಟ ಎನ್ನುವವರು ಇದನ್ನು ಬಿಡುವುದೇ ಸರಿ; ಮುಂದೆ ಸರಿಹೋಗುತ್ತದೆ ಎಂದು ಎಳೆದಾಡಬೇಡಿ. ನೊಜಿಮಾ ಅವರದ್ದೇ 1993ರ ‘ಕೋಕೋ ಕ್ಯೋಶಿ’ ಶಿಕ್ಷಕ ಮತ್ತು ವಿದ್ಯಾರ್ಥಿನಿಯ ಕಥೆ, ಇನ್ನೂ ಬಹಳ ಕತ್ತಲು. ಪ್ರೇಮಕಥೆ ಎಂಬ ವಿಭಾಗದಲ್ಲಿ ಸಿಕ್ಕಿತೆಂದು ಮನೆಮಂದಿ ಜೊತೆ ಹಾಕುವಂಥದ್ದಲ್ಲ.

ಕಿತಾಗಾವಾ ಎರಿಕೊ ಬರೆದವು

ಒಬ್ಬರನ್ನೇ ಹಿಡಿದು ನೋಡುತ್ತೇವೆ ಎನ್ನುವವರಿಗೆ ನಮ್ಮ ಸಲಹೆ ಇವರು. ದೊಡ್ಡ ಘಟನೆಗಿಂತ ಮಾತುಕತೆಯಲ್ಲಿ, ಕೈಗೆ ಸಿಕ್ಕ ಸಣ್ಣ ವಸ್ತುವಿನಲ್ಲಿ ಪ್ರೀತಿಯನ್ನು ಇಡುವ ಕೈ ಇದು.

‘ಲಾಂಗ್ ವೆಕೇಶನ್’, 1996ರ ಏಪ್ರಿಲ್‌ನಿಂದ ಜೂನ್, ಫೂಜಿ ಟಿವಿ, 11 ಕಂತು. ಮೊದಲ ಬಾರಿಗೆ ನೋಡುವವರಿಗೆ ಇದೇ ಇರಲಿ. 31 ವರ್ಷದ ಮಾಡೆಲ್ ಹಾಯಾಮಾ ಮಿನಾಮಿ, ಮದುವೆಯ ದಿನ ವರ ಬಾರದ್ದರಿಂದ ಬಿಳಿ ಮದುವೆ ಕಿಮೊನೊದಲ್ಲೇ ಬೀದಿಯಲ್ಲಿ ಓಡಿ ಅವನ ಅಪಾರ್ಟ್‌ಮೆಂಟಿಗೆ ಬರುತ್ತಾಳೆ. ವರ ಮಾಯ, ಬಾಗಿಲು ತೆಗೆಯುವವನು ಅವನ ಜೊತೆ ಮನೆ ಹಂಚಿಕೊಂಡಿದ್ದ ಸೆನಾ, 24 ವರ್ಷ, ಮೇಲೆ ಬರಲಾರದ ಪಿಯಾನೋ ವಾದಕ. ಅವಳು ಖಾಲಿಯಾದ ಕೋಣೆಗೆ ಬಂದು ನೆಲೆಸುತ್ತಾಳೆ. ಹೆಣ್ಣು 25 ದಾಟಿದರೆ 25ನೇ ತಾರೀಖು ದಾಟಿದ ಕ್ರಿಸ್‌ಮಸ್ ಕೇಕಿನಂತೆ, ಯಾರೂ ಕೊಳ್ಳುವುದಿಲ್ಲ ಎಂಬ ಕೆಟ್ಟ ಮಾತು ಜಪಾನಿನಲ್ಲಿ ಓಡಾಡುತ್ತಿದ್ದ ಕಾಲ ಆಗಿನ್ನೂ ಹಳತಾಗಿರಲಿಲ್ಲ. ಆ ಹಿನ್ನೆಲೆ ಗೊತ್ತಿದ್ದರೆ ಮಿನಾಮಿಯ ಗದ್ದಲದ ನಗುವಿನ ಒಳಗೆ ಏನಿದೆ ಎಂಬುದು ಬೇಗ ಸಿಗುತ್ತದೆ.

ಒಂದು ದೃಶ್ಯವನ್ನು ಹತ್ತಿರದಿಂದ ನೋಡಿ. ಮೂರನೇ ಮಹಡಿಯ ಕಿಟಕಿಯಿಂದ ಪುಟ್ಟ ರಬ್ಬರ್ ಚೆಂಡನ್ನು ಕೆಳಗೆ ಬಿಡುತ್ತಾರೆ, ಅದು ರಸ್ತೆಗೆ ಬಡಿದು ಮತ್ತೆ ಕಿಟಕಿಯವರೆಗೆ ಪುಟಿದು ಬರುತ್ತದೆಯೇ ಎಂದು ಕಾಯುತ್ತಾರೆ. ಕಥೆಗೆ ಅದರಿಂದ ಏನೂ ಆಗಬೇಕಿಲ್ಲ. ಆದರೆ ಸೋತ ಇಬ್ಬರು ಒಟ್ಟಿಗೆ ಕೆಳಗೆ ಬಗ್ಗಿ ನೋಡುವ ಆ ಎರಡು ಕ್ಷಣಕ್ಕಾಗಿಯೇ ಜನ ಇದನ್ನು ಮತ್ತೆ ಮತ್ತೆ ನೋಡುತ್ತಾರೆ. ಕಿಮುರಾ ತಕುಯಾ ಮತ್ತು ಯಮಗುಚಿ ತೊಮೊಕೊ ಇಬ್ಬರೂ ಇಲ್ಲಿ ನಟಿಸುತ್ತಿರುವಂತೆ ಕಾಣುವುದಿಲ್ಲ. ಸೋಮವಾರ ರಾತ್ರಿ ಕಚೇರಿ ಹುಡುಗಿಯರು ಬೀದಿಯಿಂದ ಮಾಯವಾಗುತ್ತಾರೆ ಎಂಬ ಮಾತನ್ನು ಇದರ ಬಗ್ಗೆಯೂ ಹೇಳುತ್ತಿದ್ದರು. ತೊಡಕು ಎಂದರೆ ವೇಗ: ಮೂರು, ನಾಲ್ಕು, ಐದನೇ ಕಂತುಗಳಲ್ಲಿ ಮುಖ್ಯ ಜೋಡಿ ಬೇರೆ ಬೇರೆ ಕಡೆ ಮನಸ್ಸು ಕೊಟ್ಟಿರುತ್ತದೆ, ಏನೂ ನಡೆಯುತ್ತಿಲ್ಲ ಅನಿಸುತ್ತದೆ. ಆರರವರೆಗೆ ತಾಳಿಕೊಳ್ಳಿ.

‘ಐಶಿತೇರು ತೊ ಇತ್ತೆ ಕುರೆ’, 1995ರ ಜುಲೈಯಿಂದ ಸೆಪ್ಟೆಂಬರ್, ಟಿಬಿಎಸ್, 12 ಕಂತು. ಹೆಸರಿನ ಅರ್ಥ ‘ಪ್ರೀತಿಸುತ್ತೇನೆ ಅಂತ ಹೇಳು’. ಹೇಳಿಸಿಕೊಳ್ಳಬೇಕಾದ ಚಿತ್ರಕಾರ ಸಕಾಕಿ ಕೋಜಿಗೆ ಕಿವಿ ಕೇಳಿಸುವುದಿಲ್ಲ. ನಟಿಯಾಗಲು ಹೊರಟ ಮಿಜುನೊ ಹಿರೊಕೊ ಅವನಿಗಾಗಿ ಸಂಜ್ಞೆ ಭಾಷೆ ಕಲಿಯುತ್ತಾಳೆ. ಇದು ಪ್ರಸಾರವಾದ ಮೇಲೆ ಜಪಾನಿನಲ್ಲಿ ಸಂಜ್ಞೆ ಭಾಷೆ ಕಲಿಯುವವರು ಹೆಚ್ಚಾದರು. ಕೋಜಿ ಪಾತ್ರದ ತೊಯೊಕಾವಾ ಎತ್ಸುಶಿಯ ಉದ್ದನೆಯ ಬೆರಳುಗಳೇ ಇಲ್ಲಿ ಸಂಭಾಷಣೆ. ಹಾಗಾಗಿ ಇಸ್ತ್ರಿ ಹಾಕುತ್ತಲೋ ತರಕಾರಿ ಹೆಚ್ಚುತ್ತಲೋ ನೋಡುವ ಧಾರಾವಾಹಿ ಇದಲ್ಲ. ಕಣ್ಣು ತೆಗೆದರೆ ಮಾತು ತಪ್ಪಿತು. ಈ ಪಟ್ಟಿಯಲ್ಲಿ ಅತ್ಯಂತ ನೋವಿನಿಂದ, ಅತ್ಯಂತ ನಿಜವಾಗಿ ಜಗಳವಾಡುವ ಜೋಡಿ ಇದೇ. ಕೇಳಿಸದವನ ಮೇಲೆ ಸಿಟ್ಟಾದಾಗ ಬೆನ್ನು ತಿರುಗಿಸಿದರೆ ಸಾಕು, ಮಾತೇ ನಿಂತುಹೋಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಕಿತಾಗಾವಾ ಬರೆದವುಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಇದೇ, ಆದರೆ ಮೊದಲನೆಯದಾಗಿ ನೋಡಬೇಕಾದದ್ದಲ್ಲ.

‘ಬ್ಯೂಟಿಫುಲ್ ಲೈಫ್’, 2000ದ ಜನವರಿಯಿಂದ ಮಾರ್ಚ್, ಟಿಬಿಎಸ್ ಭಾನುವಾರ, 11 ಕಂತು, ಕೊನೆಯ ಕಂತನ್ನು ನೋಡಿದ ಮನೆಗಳು ಶೇ. 41.3. ಕೇಶ ವಿನ್ಯಾಸಕ ಒಕಿಶಿಮಾ ಶೂಜಿ, ಗಾಲಿಕುರ್ಚಿಯಲ್ಲಿ ಓಡಾಡುವ ಗ್ರಂಥಪಾಲಕಿ ಮಾಚಿದಾ ಕ್ಯೋಕೊ. ಕ್ಯೋಕೊ ಪಾಪದ ಹುಡುಗಿಯಲ್ಲ: ಕಾರು ಓಡಿಸುತ್ತಾಳೆ, ಬಾಯಿ ಜೋರು. ಒಂದು ಮೆಟ್ಟಿಲು, ಒಂದು ಇಕ್ಕಟ್ಟಾದ ಬಾಗಿಲು ಒಂದು ಸಂಜೆಯನ್ನು ಹೇಗೆ ಹಾಳುಮಾಡಬಲ್ಲದು ಎಂಬುದನ್ನು ಇದು ತೋರಿಸುವ ರೀತಿ ಇಂದಿಗೂ ಹಳೆಯದಾಗಿಲ್ಲ. ಕೊನೆಯ ಮೂರು ಕಂತು ಅಳಿಸುತ್ತವೆ. ಅಳುವುದು ಬೇಡ ಎನ್ನುವ ವಾರ ಇದನ್ನು ಇಟ್ಟುಕೊಳ್ಳಬೇಡಿ. ‘ಐಶಿತೇರು’ ಮುಗಿದ ಮರುದಿನವೇ ಹಾಕಲೂಬೇಡಿ: ಲೇಖಕಿ ಅವರೇ, ನಾಯಕಿ ತೊಕಿವಾ ತಕಾಕೊ ಕೂಡ ಅವರೇ, ಎರಡೂ ಪಾತ್ರ ತಲೆಯಲ್ಲಿ ಕಲಸಿಹೋಗುತ್ತವೆ. ನಡುವೆ ಇನ್ನೊಂದು ಕಥೆ ಇರಲಿ.

ನಗಬೇಕು ಎನ್ನುವವರಿಗೆ

‘ಯಮಾತೊ ನದೇಶಿಕೊ’, 2000ದ ಅಕ್ಟೋಬರ್‌ನಿಂದ ಡಿಸೆಂಬರ್, ಫೂಜಿ ಟಿವಿ, 11 ಕಂತು, ಬರೆದವರು ನಾಕಾಜೊನೊ ಮಿಹೊ. ಗಗನಸಖಿ ಕನ್ನೊ ಸಕುರಾಕೊ ಬಡ ಮೀನುಗಾರರ ಮನೆಯವಳು, ಹಣವಿಲ್ಲದವನನ್ನು ಮದುವೆಯಾಗುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದವಳು. ಸಮಸಂಖ್ಯೆಯ ಹುಡುಗ ಹುಡುಗಿಯರು ಪರಿಚಯಕ್ಕೆಂದು ಕೂಡುವ ‘ಗೊಕೊನ್’ ಕೂಟದಲ್ಲಿ ಅವಳು ವೈದ್ಯನೆಂದು ತಿಳಿದು ಮಾತಾಡಿಸುವವನು ಮೀನು ಮಾರುವವನು; ಅಮೆರಿಕದಲ್ಲಿ ಗಣಿತ ಓದಿ ಅರ್ಧಕ್ಕೆ ಬಿಟ್ಟು ಬಂದವನು. ಮತ್ಸುಶಿಮಾ ನನಾಕೊ ಒಂದೇ ವಾಕ್ಯದಲ್ಲಿ ದನಿ ಬದಲಿಸಿ, ಹಣವಂತನಿಗೆ ಒಂದು ಸಕುರಾಕೊ, ಇಲ್ಲದವನಿಗೆ ಇನ್ನೊಂದು ಸಕುರಾಕೊ ಆಗುತ್ತಾರೆ. ಸಬ್‌ಟೈಟಲ್ ಬಿಟ್ಟು ದನಿಯನ್ನೇ ಕೇಳಿದರೂ ಅರ್ಥವಾಗುತ್ತದೆ. ಭಾಷೆಯ ಭಯ ಇರುವವರಿಗೆ, ಹಿರಿಯರ ಜೊತೆ ಕುಳಿತು ನೋಡುವವರಿಗೆ ಇದು ಸರಿ.

1997ರ ‘ಲವ್ ಜನರೇಶನ್’ ಹಗುರ, ಕಚೇರಿ ಪ್ರೇಮ, ಮುದ್ದಾದ ಜಗಳಗಳು. ‘ಲಾಂಗ್ ವೆಕೇಶನ್’ ಇಷ್ಟವಾದ ಮೇಲೆ ಸಾಕು. 1986ರ ‘ದಾಂಜೊ ಶಿಚಿನಿನ್ ನತ್ಸು ಮೊನೊಗತಾರಿ’, ಅಂದರೆ ಏಳು ಗಂಡು ಹೆಣ್ಣುಗಳ ಬೇಸಿಗೆ ಕಥೆ, ಈ ಇಡೀ ಪರಂಪರೆಯ ಬೇರು. ಆದರೆ ಅದರ ಜೀವ ಮಾತಿನ ಚಕಮಕಿಯಲ್ಲಿದೆ, ಸಬ್‌ಟೈಟಲ್ ಅದರ ಹಿಂದೆ ಓಡಲಾರದು. ನಾಲ್ಕೈದು ಧಾರಾವಾಹಿ ನೋಡಿ ಕಿವಿ ಪಳಗಿದ ಮೇಲೆ ಇರಲಿ.

ಫೋನು ನೋಡಿ ಆರಿಸುವುದೂ ಒಂದು ಉಪಾಯ

ಲೇಖಕರ ನಂತರ ನೋಡಬೇಕಾದದ್ದು ವರ್ಷ. ಪ್ರೇಮಿಗಳು ಒಬ್ಬರನ್ನೊಬ್ಬರು ಹೇಗೆ ತಲುಪುತ್ತಾರೆ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಕಥೆಯ ಗಂಟು ಬೀಳುವುದೇ ಅಲ್ಲಿ. 1991ರಲ್ಲಿ ಮನೆಯ ಫೋನು, ಬೀದಿಯ ಫೋನ್ ಬೂತ್, ‘ರುಸುಬಾನ್ ದೆನ್ವಾ’ ಎಂಬ ಉತ್ತರಿಸುವ ಯಂತ್ರ. ಹೇಳಿದ ಜಾಗಕ್ಕೆ ಒಬ್ಬರು ಬಾರದಿದ್ದರೆ ಇನ್ನೊಬ್ಬರು ಚಳಿಯಲ್ಲಿ ನಿಂತೇ ಇರಬೇಕು. ‘ಒಂದು ಮೆಸೇಜ್ ಹಾಕಬಾರದಿತ್ತೇ’ ಎಂದು ಸಿಟ್ಟಾಗುವವರಿಗೆ ‘ಟೋಕಿಯೋ ಲವ್ ಸ್ಟೋರಿ’ ಹಿಂಸೆ. ಕಾಯುವುದರಲ್ಲೇ ಪ್ರೀತಿ ಕಾಣಬಲ್ಲವರಿಗೆ ಅದೇ ಸೊಗಸು.

1995ರ ‘ಐಶಿತೇರು’ವಿನಲ್ಲಿ ಫ್ಯಾಕ್ಸ್. ಕೇಳಿಸದವನಿಗೆ ಫೋನು ಪ್ರಯೋಜನವಿಲ್ಲ. ಹಿರೊಕೊ ಕೈಯಲ್ಲಿ ಬರೆದದ್ದು ಅವನ ಮನೆಯಲ್ಲಿ ಕಾಗದವಾಗಿ ಹೊರಬರುತ್ತದೆ. ಒಂದೊಂದೇ ಸಾಲಾಗಿ ಮೇಲೇಳುವ ಆ ಅಕ್ಷರಗಳಿಗೆ ಇರುವ ಬಿಸಿ ಯಾವ ಮೊಬೈಲ್ ಪರದೆಗೂ ಇಲ್ಲ. 1998ರಲ್ಲಿ ಫೂಜಿ ಟಿವಿಯ ‘ವಿತ್ ಲವ್’ ಇಮೇಲ್ ಮೇಲೆಯೇ ನಿಂತಿದೆ. 2000ದ ಹೊತ್ತಿಗೆ ಎಲ್ಲರ ಕೈಯಲ್ಲೂ ಮೊಬೈಲ್, ಕಾಯುವುದು ಕಡಿಮೆ, ಬದಲಿಗೆ ಸುಳ್ಳು ಹೆಚ್ಚು. ‘ಯಮಾತೊ ನದೇಶಿಕೊ’ ಅದಕ್ಕೇ ಹಾಸ್ಯ.

ಹಣದ ಹಿನ್ನೆಲೆಯೂ ಇದೆ. ಟೋಕಿಯೋ ಷೇರು ಸೂಚ್ಯಂಕ ಆಗಿನ ಉತ್ತುಂಗ ಮುಟ್ಟಿದ್ದು 1989ರ ಡಿಸೆಂಬರ್ ಕೊನೆಗೆ, ಆಮೇಲೆ ಕುಸಿಯಿತು. ಎಂಬತ್ತರ ಕೊನೆಯ ‘ಟ್ರೆಂಡಿ ಡ್ರಾಮಾ’ಗಳಲ್ಲಿ ಸಾಧಾರಣ ನೌಕರರಿಗೂ ಹೊಳೆಯುವ ದೊಡ್ಡ ಅಪಾರ್ಟ್‌ಮೆಂಟು, 1996ರ ಸೆನಾ ಮಿನಾಮಿಯರಿಗೆ ಹಳೆಯ ಕಟ್ಟಡದ ಹಂಚಿಕೊಂಡ ಮನೆ.

ಯಾವ ಪ್ರತಿ, ಯಾವ ಪರದೆ

ಮೊದಲ ಎಚ್ಚರಿಕೆ ಹೆಸರಿನದ್ದು. ‘ಟೋಕಿಯೋ ಲವ್ ಸ್ಟೋರಿ’ 2020ರಲ್ಲಿ ಹೊಸ ನಟರೊಂದಿಗೆ ಮತ್ತೆ ತಯಾರಾಯಿತು, ಅದೂ 11 ಕಂತು. ಹುಡುಕಿದರೆ ಅದೇ ಮೊದಲು ಕಾಣಿಸಬಹುದು. ಹೆಸರಿನ ಜೊತೆ 1991 ಸೇರಿಸಿ ಹುಡುಕಿ, ಸುಜುಕಿ ಹೊನಾಮಿ ಹೆಸರಿದೆಯೇ ನೋಡಿ. ‘101ನೇ ಪ್ರಪೋಸಲ್’ಗೆ ಕೊರಿಯಾ, ಚೀನಾ ರೂಪಗಳಿವೆ.

ಎರಡನೆಯದು ‘ತೊಕುಬೆತ್ಸುಹೆನ್’ ಎಂಬ ಪದ, ವಿಶೇಷ ಆವೃತ್ತಿ ಎಂದು ಅರ್ಥ. 2020ರಲ್ಲಿ ಕೊರೊನಾದಿಂದ ಹೊಸ ಚಿತ್ರೀಕರಣ ನಿಂತಾಗ ‘ಐಶಿತೇರು’ ಮತ್ತು ‘ಯಮಾತೊ ನದೇಶಿಕೊ’ ವಿಶೇಷ ಆವೃತ್ತಿಯಾಗಿ ಮರುಪ್ರಸಾರವಾದವು, ಕತ್ತರಿಸಿ ಕಿರಿದು ಮಾಡಿದ ರೂಪದಲ್ಲಿ. ಮೊದಲ ಸಲ ನೋಡುವವರು ಇವನ್ನು ಬಿಟ್ಟು ಪೂರ್ತಿ ಕಂತುಗಳನ್ನೇ ನೋಡಿ. ಕಂತಿನ ಸಂಖ್ಯೆ 11 ಅಥವಾ 12 ಇದೆಯೇ, ಒಂದೊಂದೂ 45 ನಿಮಿಷದ ಆಸುಪಾಸಿನಲ್ಲಿದೆಯೇ ಎಂದು ಎಣಿಸಿದರೆ ತಿಳಿಯುತ್ತದೆ.

ಸ್ಟ್ರೀಮಿಂಗ್ ಹಕ್ಕುಗಳು ಬದಲಾಗುತ್ತಲೇ ಇರುತ್ತವೆ. ಹಾಡಿನ ಹಕ್ಕು, ನಟರ ಏಜೆನ್ಸಿಯ ಒಪ್ಪಿಗೆ ಎರಡೂ ಸಿಗದೆ ಹಳೆಯವು ಬಹುಕಾಲ ಹೊರಗೇ ಉಳಿದದ್ದುಂಟು. ಜಪಾನಿನಲ್ಲಿ ನೆಲೆಸಿದ ಕನ್ನಡಿಗರಿಗೆ ಫೂಜಿ ಟಿವಿಯದ್ದೇ ಆದ ಎಫ್‌ಒಡಿ ಸೇವೆ ಹತ್ತಿರದ ದಾರಿ, ಭಾಷೆ ಬಂದರೆ. ಭಾರತದಲ್ಲಿ ಕುಳಿತು ಡಿವಿಡಿ ಬಾಕ್ಸ್ ತರಿಸುವವರು ಮೂರು ಸಂಗತಿ ನೋಡಿಕೊಳ್ಳಬೇಕು. ಡಿಸ್ಕು ಯಾವ ದೇಶಗಳ ಪ್ಲೇಯರಿನಲ್ಲಿ ಓಡಬೇಕು ಎಂಬ ಗುರುತಿಗೆ ರೀಜನ್ ಎಂದು ಹೆಸರು: ಜಪಾನಿನ ಡಿವಿಡಿ ರೀಜನ್ 2, ನಮ್ಮದು 5. ರೀಜನ್ ಬೀಗವಿಲ್ಲದ ಪ್ಲೇಯರ್ ಬೇಕು. ಕಂಪ್ಯೂಟರಿನ ಡ್ರೈವ್‌ನಲ್ಲಿ ರೀಜನ್ ಬದಲಿಸಲು ಐದೇ ಅವಕಾಶ, ಐದನೆಯದು ಮುಗಿದರೆ ಅಲ್ಲಿಗೇ ಗಟ್ಟಿ. ಬ್ಲೂ-ರೇ ಆದರೆ ಜಪಾನ್ ಎ, ಭಾರತ ಸಿ. ಮೂರನೆಯದು, ಜಪಾನಿನೊಳಗಿನ ಮಾರಾಟಕ್ಕೆಂದು ಮಾಡಿದ ಡಿಸ್ಕುಗಳಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಸಾಮಾನ್ಯವಾಗಿ ಇರುವುದಿಲ್ಲ. ಮಾರುವವರ ವಿವರಣೆಯಲ್ಲಿ ‘ಜಿಮಾಕು’, ಅಂದರೆ ಸಬ್‌ಟೈಟಲ್, ಎಂಬ ಸಾಲಿನಲ್ಲಿ ಏನು ಬರೆದಿದೆ ಎಂದು ಓದಿಸಿಕೊಳ್ಳದೆ ದುಡ್ಡು ಕಟ್ಟಬೇಡಿ.

ಚಿತ್ರ ಸರಿ ಕಾಣದಿದ್ದರೆ ಕಾರಣ ಸಾಮಾನ್ಯವಾಗಿ ಎರಡರಲ್ಲಿ ಒಂದು. ಮುಖಗಳು ದಪ್ಪಗೆ ಕಂಡರೆ, 4:3 ಅಳತೆಯ ಚಿತ್ರವನ್ನು ಟಿವಿ ಅಗಲ ಪರದೆಗೆ ಎಳೆಯುತ್ತಿದೆ. ಈ ಕಥೆಗಳೆಲ್ಲ 4:3ರಲ್ಲಿ ತೆಗೆದವು. ಟಿವಿಯ ಪಿಕ್ಚರ್ ಸೈಜ್‌ನಲ್ಲಿ 4:3 ಆರಿಸಿ, ಎರಡೂ ಬದಿ ಕಪ್ಪು ಪಟ್ಟಿ ಬಂದರೆ ಅದೇ ಸರಿ. ಯಾರಾದರೂ ಕೈ ಬೀಸಿದಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ, ಅದು ಇಂಟರ್ಲೇಸ್ ತೊಂದರೆ. ಆಗಿನ ಈ ಧಾರಾವಾಹಿಗಳನ್ನು ಫಿಲ್ಮಿನಲ್ಲಲ್ಲ, ವಿಡಿಯೊದಲ್ಲಿ ತೆಗೆಯುತ್ತಿದ್ದರು. ಒಂದು ಚೌಕಟ್ಟಿನ ಬೆಸ ಗೆರೆಗಳು ಒಂದು ಕ್ಷಣದ್ದು, ಸಮ ಗೆರೆಗಳು ಸೆಕೆಂಡಿನ ಅರವತ್ತನೇ ಒಂದು ಭಾಗ ಆಮೇಲಿನದ್ದು. ಎರಡನ್ನೂ ಒಟ್ಟಿಗೆ ತೋರಿಸಿದರೆ ಹಲ್ಲು ಮೂಡುತ್ತದೆ. ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿನಲ್ಲಿ ವಿಡಿಯೊ ಮೆನುವಿಗೆ ಹೋಗಿ ಡಿಇಂಟರ್ಲೇಸ್ ಆನ್ ಮಾಡಿ, ಮೋಡ್‌ನಲ್ಲಿ ಯಾಡಿಫ್ 2ಎಕ್ಸ್ ಇಡಿ. ಸಬ್‌ಟೈಟಲ್ ಮಾತಿಗಿಂತ ಹಿಂದೆ ಮುಂದೆ ಆದರೆ ಕೀಬೋರ್ಡಿನ ಜಿ ಮತ್ತು ಎಚ್ ಒಂದು ಒತ್ತಿಗೆ 50 ಮಿಲಿಸೆಕೆಂಡಿನಂತೆ ಸರಿಸುತ್ತವೆ. ಕಂಪ್ಯೂಟರಿನಿಂದ ಹಿಗ್ಗಿಸಿ ‘4ಕೆ’ ಮಾಡಿದ ಪ್ರತಿಗಳನ್ನು ನೆಚ್ಚಬೇಡಿ. ಚರ್ಮವೆಲ್ಲ ಮೇಣ ಸವರಿದಂತೆ ನುಣುಪಾಗಿ, ಸುಜುಕಿ ಹೊನಾಮಿಯ ನಗುವಿನ ಸವೆತ ಕಾಣಬೇಕಾದ ಜಾಗದಲ್ಲಿ ಏನೂ ಕಾಣುವುದಿಲ್ಲ.

ನಾವು ಹಾಕಿಕೊಡುವ ಸಾಲು

‘ಲಾಂಗ್ ವೆಕೇಶನ್’ ಮೊದಲು. ಆಮೇಲೆ ‘ಟೋಕಿಯೋ ಲವ್ ಸ್ಟೋರಿ’, ಆಗ ಐದು ವರ್ಷ ಹಿಂದಕ್ಕೆ ಹೋದಾಗ ಫೋನಿನ ವ್ಯತ್ಯಾಸ ಮನಸ್ಸಿಗೆ ತಟ್ಟುತ್ತದೆ. ಅದರ ಭಾರ ಇಳಿಸಲು ‘ಯಮಾತೊ ನದೇಶಿಕೊ’. ಮನಸ್ಸು ತಯಾರಾದ ಮೇಲೆ ‘ಐಶಿತೇರು’. ನಂತರ ‘101ನೇ ಪ್ರಪೋಸಲ್’, ಮೇಲೆ ಹೇಳಿದ ಎಚ್ಚರಿಕೆಯೊಂದಿಗೆ. ‘ಬ್ಯೂಟಿಫುಲ್ ಲೈಫ್’ ಕೊನೆಗೆ. ದಿನಕ್ಕೊಂದು ಕಂತಿನಂತೆ ಆರೂ ಮುಗಿಯಲು 68 ದಿನ ಹಿಡಿಯುತ್ತದೆ. ಯಾವುದನ್ನಾದರೂ ಬಿಡುವುದಿದ್ದರೆ ಮೂರನೇ ಕಂತು ಮುಗಿದ ಮೇಲೆ ತೀರ್ಮಾನಿಸಿ, ಅದಕ್ಕೆ ಮುಂಚೆ ಬೇಡ: ಮೊದಲ ಕಂತು ಪರಿಚಯಕ್ಕೆ, ಎರಡನೆಯದು ಉಳಿದ ಪಾತ್ರಗಳಿಗೆ ಹೋಗಿರುತ್ತದೆ. ಕೊನೆಯ ಕಂತಿಗೆ ಒಂದೂಕಾಲು ಗಂಟೆ ಬಿಡುವು ಇಟ್ಟುಕೊಳ್ಳಿ, ಹೆಸರುಗಳ ಪಟ್ಟಿ ಓಡಲು ಶುರುವಾಯಿತೆಂದು ನಿಲ್ಲಿಸಬೇಡಿ. ‘ಟೋಕಿಯೋ ಲವ್ ಸ್ಟೋರಿ’ಯಲ್ಲಂತೂ ಹಾಡು ಪೂರ್ತಿ ನಿಲ್ಲುವವರೆಗೆ ಪರದೆಯ ಮುಂದೆಯೇ ಇರಿ.